ಉಂಡ ಮನೆ, ರೊಕ್ಕ ಕೊಟ್ಟ ಮನೆ

ನಮ್ಮ ಶಿಗ್ಗಾಂವದಲ್ಲಿ ‘ಹೋಟೆಲ್’ ಅಂದರೆ ಚಹಾ, ಉಪ್ಪಿಟ್ಟು, ಮಿರ್ಚಿ ಭಜಿ. ಊಟ ಬೇಕೆಂದರೆ ಖಾನಾವಳಿ. ರಾತ್ರಿ ಉಳಿಯಬೇಕೆಂದರೆ ಲಾಡ್ಜು. ಮೂರು ಕೆಲಸಕ್ಕೆ ಮೂರು ಹೆಸರು. ಹಾಗಾಗಿ ಈ ಅಜ್ಜ-ಅಜ್ಜಿ ಫೈವ್ ಸ್ಟಾರ್ ಹೋಟೆಲಿನಲ್ಲಿ ಎರಡು ದಿನ ಇದ್ದು ಬಂದರು ಎಂಬ ಸುದ್ದಿ ಓಣಿಯಲ್ಲಿ ಹಬ್ಬಿದಾಗ ಒಬ್ಬ ಹುಡುಗ ಕೇಳಿದ: “ಎರಡು ದಿನಾ ಬರೇ ಚಾ ಕುಡಕೋತ ಕುಂತಿದ್ರೇನ್ರಿ ಅಜ್ಜಾ?”

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ ಮಕ್ಕಳೇ. ಈ ಸ್ಟಾರ್ ಆಕಾಶದಿಂದ ಬಿದ್ದದ್ದಲ್ಲ. ಹೋಟೆಲಿನವರು ಅರ್ಜಿ ಹಾಕಿದರೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಒಂದು ಸಮಿತಿ ಬಂದು ನೋಡುತ್ತದೆ. ಕೋಣೆ ಎಷ್ಟು ದೊಡ್ಡದು, ಬಚ್ಚಲು ಹೇಗಿದೆ, ಅಡುಗೆಮನೆ ಸ್ವಚ್ಛವೇ ಎಂದು ಪಟ್ಟಿ ಹಿಡಿದು ಪರಿಶೀಲಿಸಿ ನಕ್ಷತ್ರ ಕೊಡುತ್ತದೆ. ಐದರ ಮೇಲೆ ‘ಫೈವ್ ಸ್ಟಾರ್ ಡಿಲಕ್ಸ್’ ಅಂತ ಇನ್ನೊಂದು ಮೆಟ್ಟಿಲು. ಒಮ್ಮೆ ಕೊಟ್ಟ ನಕ್ಷತ್ರ ಐದು ವರ್ಷ ನಡೆಯುತ್ತದೆ. ಆಮೇಲೆ ಮತ್ತೆ ಪರೀಕ್ಷೆ, ನಿಮ್ಮ ಸಾಲಿಯ ಹಾಗೆಯೇ.

ನಾವು ಹೋದದ್ದು ನಮ್ಮ ಮದುವೆಗೆ ಐವತ್ತು ವರ್ಷ ತುಂಬಿತೆಂದು. ಬೆಂಗಳೂರಿನಲ್ಲಿರುವ ಮಗ ತಿಂಗಳು ತಿಂಗಳು ಕೂಡಿಟ್ಟು ಬುಕ್ ಮಾಡಿದ್ದ. ಒಂದು ರಾತ್ರಿಗೆ 13,500 ರೂಪಾಯಿ, ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ. ಎರಡು ರಾತ್ರಿಗೆ ಎಷ್ಟಾಯಿತು ಹೇಳಿ? 31,860. ನಮ್ಮ ಮನೆಯಾಕೆ ಈ ಅಂಕಿ ಕೇಳಿದ್ದರೆ ಬಸ್ಸೇ ಹತ್ತುತ್ತಿರಲಿಲ್ಲ. ಮಗ ಆಕೆಗೆ ಹೇಳಿರಲಿಲ್ಲ. ಜೊತೆಗೆ ಏಳನೆಯ ಇಯತ್ತೆಯ ಮೊಮ್ಮಗಳೂ ಬಂದಳು, ಈಜುಕೊಳ ಇದೆಯೆಂದು ಹೊಸ ಈಜುಡುಗೆ ಹೊಲಿಸಿದ ಹಾಗೆ ಮಡಿಸಿಕೊಂಡು.

ಹೋಟೆಲಿನ ಹೆಸರು, ಊರು ಇಲ್ಲಿ ಬೇಡ. ಕೆರೆ ಕಾಣುವ ಕೋಣೆ ಎಂದು ರಾತ್ರಿಗೆ 2,000 ಹೆಚ್ಚು ಕೊಟ್ಟಿದ್ದೆವು. ಆ 13,500ರಲ್ಲಿ ಅದೂ ಸೇರಿತ್ತು. ಪರದೆ ಸರಿಸಿದರೆ ಕಂಡದ್ದು ಜನರೇಟರು ಮತ್ತು ಕಾರು ನಿಲ್ಲಿಸುವ ಜಾಗ. ಕೇಳಿದರೆ, ಆ ಕೋಣೆಗಳು ಭರ್ತಿಯಾಗಿವೆ ಎಂದರು. ಈಜುಕೊಳಕ್ಕೆ ಹಗ್ಗ ಕಟ್ಟಿ ‘ದುರಸ್ತಿಯಲ್ಲಿದೆ’ ಎಂದು ಫಲಕ ಇಟ್ಟಿದ್ದರು. ಮೊಮ್ಮಗಳು ಆ ಹಗ್ಗದ ಈಚೆ ನಿಂತು ನೋಡಿದ್ದನ್ನು ನಾನು ನೋಡಬಾರದಿತ್ತು. ಇನ್ನು ಬಚ್ಚಲಿಗೆ ಗಾಜಿನ ಗೋಡೆ! ಕೋಣೆಯಲ್ಲಿ ಕುಳಿತವರಿಗೆಲ್ಲ ಒಳಗಿನದು ಕಾಣುತ್ತದೆ. “ಇದೇನ್ ಬಚ್ಚಲಾನೋ, ಬಳಿ ಅಂಗಡಿಯೋ” ಎಂದು ನಮ್ಮಾಕೆ ಹಾಸಿಗೆಯ ಮೇಲಿನ ಚಾದರ ತೆಗೆದು ಅದಕ್ಕೆ ಇಳಿಬಿಟ್ಟಳು. ಬೆಳಗಿನ ತಿಂಡಿಗೆ ಮೂವತ್ತು ಬಗೆ ಇದ್ದವು, ರೊಟ್ಟಿ ಇರಲಿಲ್ಲ. ಇರಲಿ, ಅದು ದೂರಲ್ಲ. ಎಲ್ಲ ಕಡೆ ಜೋಳದ ರೊಟ್ಟಿ ಬೇಕೆಂದರೆ ಮನೆಯಲ್ಲೇ ಇರಬೇಕಾಗುತ್ತದೆ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಎರಡನೆಯ ದಿನ ಸಂಜೆ, ಕೋಣೆಯಿಂದ ಕಾಣದ ಕೆರೆಯನ್ನು ನಡೆದು ಹೋಗಿಯಾದರೂ ನೋಡೋಣವೆಂದು ನಾವಿಬ್ಬರೇ ಹೊರಗೆ ಹೋದೆವು. ನಾನು ಧೋತರ, ತಲೆಗೆ ಟೊಪ್ಪಿಗೆ. ಆಕೆ ಇಳಕಲ್ ಸೀರೆ, ತಲೆ ಮೇಲೆ ಸೆರಗು. ಮರಳಿ ಬಂದಾಗ ದೊಡ್ಡ ಬಾಗಿಲಲ್ಲಿ ಕಾವಲಿನ ಹುಡುಗ ಕೈ ಅಡ್ಡ ಹಿಡಿದ.

“ಯಾರನ್ನ ನೋಡಬೇಕಿತ್ತು?”

“ಇಲ್ಲೇ ಇಳಿದೇವಪಾ” ಎಂದೆ.

“ಡ್ರೈವರು, ಕೆಲಸದವರ ಕಡೆಯವರು ಹಿಂದಿನ ಗೇಟಿಗೆ ಹೋಗಬೇಕು.”

ನಮ್ಮಾಕೆ ಎಲೆ-ಅಡಿಕೆ ಸಂಚಿಯಿಂದ ಕೋಣೆಯ ಕಾರ್ಡು ತೆಗೆದು ಕೊಟ್ಟಳು. ಅವನು ಅದನ್ನು ತಿರುವಿ ಮುರುವಿ ನೋಡಿ ಒಳಗೆ ಫೋನ್ ಮಾಡಿದ. ಹತ್ತು ನಿಮಿಷ ನಿಂತೆವು. ಅಷ್ಟರಲ್ಲಿ ಚಡ್ಡಿ ಹಾಕಿಕೊಂಡ ಇಬ್ಬರು ಬಂದರು, ಅವರಿಗೆ ಸಲಾಮು ಹೊಡೆದು ಬಾಗಿಲು ತೆರೆದ. ಅವರ ಕಾರ್ಡನ್ನು ಯಾರೂ ಕೇಳಲಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬಟ್ಟೆ ನೋಡಿ ಮನುಷ್ಯರನ್ನು ವಿಂಗಡಿಸಲು ಅವನಿಗೆ ಕಲಿಸಿದವರು ಒಳಗೆ ತಂಪು ಗಾಳಿಯಲ್ಲಿ ಕುಳಿತಿರುತ್ತಾರೆ. ಆ ರಾತ್ರಿ ಆಕೆ ಊಟ ಮಾಡಲಿಲ್ಲ. ಹಸಿವಿಲ್ಲ ಎಂದಳು.

ನನಗೆ ಆಗ ನೆನಪಾದದ್ದು ನಮ್ಮ ಜಿಲ್ಲೆಯದೇ ಒಂದು ಸಂಗತಿ. 2024ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರನ್ನು ಅವರ ಮಗ ಸಿನಿಮಾ ತೋರಿಸಲೆಂದು ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲಿಗೆ ಕರೆದುಕೊಂಡು ಹೋಗಿದ್ದರು. ಟಿಕೆಟ್ ಇತ್ತು. ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ಅದರ ವಿಡಿಯೋ ರಾಜ್ಯವೆಲ್ಲ ಓಡಾಡಿತು, ರೈತರು ಮಾಲಿನ ಮುಂದೆ ಪ್ರತಿಭಟನೆಗೆ ಕುಳಿತರು. ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲೇ ಹೇಳಿತು. ಮಾಲಿನವರು ಕ್ಷಮೆ ಕೇಳಿ ಆ ಹಿರಿಯರಿಗೆ ಸನ್ಮಾನವನ್ನೂ ಮಾಡಿದರು. ನಮ್ಮ ಹತ್ತು ನಿಮಿಷದ ವಿಡಿಯೋ ಯಾರೂ ತೆಗೆದಿರಲಿಲ್ಲ.

ಮರುದಿನ ಬಿಲ್ಲು ಬಂತು. ಮೊಮ್ಮಗಳಿಗೆ ಏನು ಸಿಕ್ಕರೂ ಮೇಲಿಂದ ಕೆಳಗಿನವರೆಗೆ ಓದುವ ಚಟ. ಊಟದ ಲೆಕ್ಕದ ಕೆಳಗೆ ಬೆರಳಿಟ್ಟಳು. “ಅಜ್ಜಾ, ಇಲ್ಲಿ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್ ಹಾಕ್ಯಾರ. ಇದು ಕಡ್ಡಾಯ ಅಲ್ಲ.”

ಅವಳು ಹೇಳಿದ್ದು ನಿಜ. ಊಟದ ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾನಾಗಿಯೇ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿದೆ. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು. ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಬಡಿಸಿದವನಿಗೆ ಖುಷಿಯಿಂದ ಏನಾದರೂ ಕೊಡುವುದು ಬೇರೆ, ಬಿಲ್ಲಿನಲ್ಲಿ ಬರೆದು ವಸೂಲಿ ಮಾಡುವುದು ಬೇರೆ.

ಆದರೆ ನಮ್ಮಾಕೆ ಮೊಮ್ಮಗಳ ಕೈ ಚಿವುಟಿದಳು. “ಸುಮ್ನಿರ ತಂಗಿ. ಉಂಡ ಮನಿ ಜಂತಿ ಎಣಿಸಬಾರದು.”

“ಅಜ್ಜಿ, ಇದು ಉಂಡ ಮನಿ ಅಲ್ಲ. ರೊಕ್ಕಾ ಕೊಟ್ಟ ಮನಿ.”

ಅಜ್ಜ-ಅಜ್ಜಿಯರೇ, ಈ ಮಾತನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಮ್ಮನ್ನು ಬೆಳೆಸಿದ್ದೇ ಹಾಗೆ. ಮಂದಿ ಮನೆಗೆ ಹೋದಾಗ ಉಪ್ಪು ಕಡಿಮೆ ಅನ್ನಬೇಡ, ಹಾಸಿಗೆ ಚುಚ್ಚಿತು ಅನ್ನಬೇಡ. ಅದು ಒಳ್ಳೆಯ ನಡತೆಯೇ, ಬಿಡುವುದು ಬೇಡ. ತಿಥಿ ನೋಡದೆ ಬರುವವನು ಅತಿಥಿ ಎಂದು ಹಿರಿಯರು ಅರ್ಥ ಹೇಳುತ್ತಿದ್ದರು. ಅಂಥವನಿಗೆ ನೀರು-ಬೆಲ್ಲ ಕೊಟ್ಟವರು ಹಣ ಕೇಳುವುದಿಲ್ಲ. ಹೋಟೆಲಿಗೆ ನಾವು ತಾರೀಖು ಗೊತ್ತು ಮಾಡಿಕೊಂಡು, ಮುಂಗಡ ಕಟ್ಟಿ ಹೋಗುತ್ತೇವೆ. ಅವರು ‘ಗೆಸ್ಟ್’ ಎನ್ನುತ್ತಾರೆ. ಲೆಕ್ಕದ ಪುಸ್ತಕದಲ್ಲಿ ನಾವು ಗಿರಾಕಿಗಳೇ. ಏನಾದರೂ ತಪ್ಪಾದಾಗ ಮಾತ್ರ ನಾವು ಅತಿಥಿಗಳಂತೆ ಸುಮ್ಮನಿರಬೇಕೆಂದು ಅವರು ಬಯಸುತ್ತಾರೆ.

ಸುಮ್ಮನಿರದ ಒಬ್ಬರ ಕತೆ ಕೇಳಿ. 1998ರ ಆಗಸ್ಟ್ 1ರ ರಾತ್ರಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಒಬ್ಬರು ಮಾರುತಿ ಝೆನ್ ಕಾರಿನಲ್ಲಿ ಬಂದು, ನಿಲ್ಲಿಸಲೆಂದು ಹೋಟೆಲಿನ ಆಳಿಗೆ ಕೀಲಿ ಕೊಟ್ಟರು. ಮರಳಿ ಬಂದಾಗ ಕಾರು ಇಲ್ಲ, ಯಾರೋ ಹೊಡೆದುಕೊಂಡು ಹೋಗಿದ್ದರು. ಕೈಗೆ ಕೊಟ್ಟಿದ್ದ ಚೀಟಿಯಲ್ಲಿ ‘ಮಾಲೀಕರ ಸ್ವಂತ ಹೊಣೆ’ ಎಂದು ಅಚ್ಚಾಗಿತ್ತು. ಬಸ್ಸಿನಲ್ಲಿ, ಅಂಗಡಿಯಲ್ಲಿ ಇಂಥ ಸಾಲು ನೀವೂ ನೋಡಿರುತ್ತೀರಿ. ವಿಮಾ ಕಂಪನಿ ಮತ್ತು ಕಾರಿನವರು ಗ್ರಾಹಕರ ಆಯೋಗಕ್ಕೆ ಹೋದರು. ಕೊನೆಗೆ 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟ್ ಹೇಳಿತು: ಕೀಲಿ ಇಸಿದುಕೊಂಡ ಮೇಲೆ ಕಾರನ್ನು ಜೋಪಾನ ಮಾಡುವ ಹೊಣೆ ಹೋಟೆಲಿನದೇ, ತನ್ನದೇ ಅಜಾಗರೂಕತೆಯಿಂದ ಕಳೆದರೆ ಚೀಟಿ ತೋರಿಸಿ ನುಣುಚಿಕೊಳ್ಳುವಂತಿಲ್ಲ. 21 ವರ್ಷ ಹಿಡಿಯಿತು. ಅಷ್ಟು ತಡವಾದದ್ದು ಒಳ್ಳೆಯದೇನಲ್ಲ.

ಬಾಳೆಹಣ್ಣಿನ ಕತೆ ಮಾತ್ರ ಬೇಗ ಮುಗಿಯಿತು. 2019ರ ಜುಲೈನಲ್ಲಿ ನಟ ರಾಹುಲ್ ಬೋಸ್ ಚಂಡೀಗಢದ ಜೆ.ಡಬ್ಲ್ಯೂ. ಮ್ಯಾರಿಯಟ್ ಹೋಟೆಲಿನಲ್ಲಿ ಎರಡು ಬಾಳೆಹಣ್ಣು ತರಿಸಿದರು. ಬಿಲ್ಲು 442 ರೂಪಾಯಿ 50 ಪೈಸೆ, ತೆರಿಗೆ ಸೇರಿ. ತಾಜಾ ಹಣ್ಣಿಗೆ ತೆರಿಗೆಯೇ ಇಲ್ಲವಲ್ಲ ಎಂದು ಅಲ್ಲಿನ ತೆರಿಗೆ ಇಲಾಖೆ ಹೋಟೆಲಿಗೆ 25,000 ದಂಡ ಹಾಕಿತು. ನಾವು ಮಾರಿದ್ದು ಹಣ್ಣಲ್ಲ, ಸೇವೆ ಎಂದು ಹೋಟೆಲಿನವರ ಸಂಘ ವಾದಿಸಿತು. ಅಷ್ಟು ಹಣಕ್ಕೆ ನಮ್ಮ ಪೇಟೆಯಲ್ಲಿ ಗೊನೆಯನ್ನೇ ಹೊತ್ತು ತರಬಹುದು, ಸಿಪ್ಪೆ ಸುಲಿಯುವ ಸೇವೆ ನಮ್ಮದೇ.

ಊರಿಗೆ ಬಂದ ಮೇಲೆ ಮೊಮ್ಮಗಳು ಹೋಟೆಲಿನ ಮ್ಯಾನೇಜರರಿಗೆ ಪತ್ರ ಬರೆದಳು. ಕೆರೆ, ಈಜುಕೊಳ, ಸರ್ವಿಸ್ ಚಾರ್ಜು, ಬಾಗಿಲು ಎಂದು ನಾಲ್ಕು ಸಂಗತಿ. ಬಿಲ್ಲಿನ ನಕಲು, ಜನರೇಟರಿನ ಫೋಟೋ, ಬುಕಿಂಗ್ ಕಾಗದ ಲಗತ್ತಿಸಿದಳು. ಸಿಟ್ಟಿನ ಒಂದು ಶಬ್ದ ಇಲ್ಲ, ಅದನ್ನು ನಾನೇ ತಿದ್ದಿ ತೆಗೆಸಿದೆ. ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡುವುದೆಂದು ಗೊತ್ತು ಮಾಡಿಕೊಂಡಿದ್ದೆವು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಹೊಸ ಕಾಯ್ದೆ ಬಂದ ಮೇಲೆ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೋಟೆಲು ಎಲ್ಲೇ ಇರಲಿ, ನಮಗೆ ಹಾವೇರಿ ಸಾಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದಿಲ್ಲ, ಎರಡು ವರ್ಷದೊಳಗೆ ಹೋಗಬೇಕು ಅಷ್ಟೇ.

ಅಷ್ಟು ದೂರ ಹೋಗುವ ಪ್ರಸಂಗ ಬರಲಿಲ್ಲ. ಹದಿನಾರನೆಯ ದಿನ ಉತ್ತರ ಬಂತು. ಕೆರೆ ಕಾಣದ ಎರಡು ರಾತ್ರಿಯ 4,000, ಅದರ ತೆರಿಗೆ 720, ಜೊತೆಗೆ ಸರ್ವಿಸ್ ಚಾರ್ಜು ಮಗನ ಖಾತೆಗೆ ಮರಳಿ ಬಂದವು. ಈಜುಕೊಳಕ್ಕೆ ವಿಷಾದ. ಬಾಗಿಲಿನ ವಿಷಯಕ್ಕೆ ಒಂದೇ ಸಾಲು: ಭದ್ರತಾ ನಿಯಮದಂತೆ ನಡೆದುಕೊಂಡಿದ್ದಾರೆ.

ನಮ್ಮಾಕೆ ಆ ಸಾಲನ್ನು ಎರಡು ಸಲ ಓದಿಸಿ ಕೇಳಿದಳು. ಆಮೇಲೆ ರೊಟ್ಟಿ ಬಡಿಯುವುದನ್ನು ಬಿಟ್ಟು ಕೈ ತೊಳೆದು ಬಂದು ಕುಳಿತಳು.

“ಬರಿ ತಂಗಿ. ನಮ್ಮನ್ನ ನಿಂದರಿಸಿದ್ದಕ್ಕ ರೊಕ್ಕಾ ಬ್ಯಾಡ. ಆ ಹುಡುಗಗ ಬೈಯೂದೂ ಬ್ಯಾಡ, ಕೆಲಸದಿಂದ ತಗಿಯೂದೂ ಬ್ಯಾಡ. ಧೋತರ ಉಟ್ಟಾವ್ರೂ, ತಲಿ ಮ್ಯಾಲೆ ಸೆರಗ ಹೊತ್ತಾಕಿನೂ ಅಲ್ಲಿ ರೊಕ್ಕಾ ಕೊಟ್ಟು ಇಳೀತಾರಂತ ಅವಗ ಹೇಳಿಕೊಡ್ರಿ. ಹೇಳಿಕೊಟ್ಟೀವಿ ಅಂತ ನನ್ನ ಹೆಸರಿಗೆ ಒಂದು ಕಾಗದ ಹಾಕ್ರಿ.”

ಆ ಪತ್ರ ಹೋದ ಸೋಮವಾರ ಸ್ಪೀಡ್ ಪೋಸ್ಟಿನಲ್ಲಿ ಹೋಗಿದೆ. ಕೆಳಗೆ ಆಕೆಯದೇ ಸಹಿ. ಪೋಸ್ಟಿನವನು ಓಣಿಗೆ ಬರುವ ಹೊತ್ತಿಗೆ ಆಕೆ ಈಗ ದಿನಾ ಕಟ್ಟೆಯ ಮೇಲೆ ಇರುತ್ತಾಳೆ.