ಮನೆಯ ಮೇಲಿನ ಸಾಲ ಬಾಡಿಗೆದಾರರಿಗೂ ಗೊತ್ತಿರಲಿ

ಕರ್ನಾಟಕ ಬಾಡಿಗೆ ಕಾಯ್ದೆ–1999ಕ್ಕೆ ತಿದ್ದುಪಡಿ ತರಲು ರಾಜ್ಯ ಸರ್ಕಾರ 2025ರಲ್ಲಿ ಮುಂದಾದಾಗ ಸುದ್ದಿಯಾದದ್ದು ಜೈಲು ಮತ್ತು ದಂಡ. ಸಣ್ಣಪುಟ್ಟ ತಪ್ಪುಗಳಿಗೆ ಸೆರೆವಾಸ ಬೇಡ, ದಂಡದ ಮೊತ್ತ ಏರಿಸೋಣ ಎಂಬುದೇ ಅದರ ತಿರುಳು. ಜೈಲನ್ನು ಕೈಬಿಟ್ಟದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಮನೆ ಕೊಡುವವರು ಮನೆ ಹಿಡಿಯುವವರಿಗೆ ಏನೇನು ತಿಳಿಸಲೇಬೇಕು ಎಂಬ ಪ್ರಶ್ನೆಗೆ ಆ ಸಂದರ್ಭದಲ್ಲೂ ಉತ್ತರ ಸಿಗದೆ ಹೋದದ್ದು ದೊಡ್ಡ ಲೋಪ. ವಿ.ಸಿ. ಫಾರಂನ ಕೃಷಿ ಕಾಲೇಜಿಗೆ ದೂರದ ಜಿಲ್ಲೆಗಳಿಂದ ಬರುವ ವಿದ್ಯಾರ್ಥಿಗಳು, ಮಂಡ್ಯದ ಮಿಮ್ಸ್‌ನಲ್ಲಿ ದುಡಿಯುವ ನರ್ಸ್‌ಗಳು, ಮದ್ದೂರಿನ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಮಳವಳ್ಳಿಗೆ ವರ್ಗವಾಗಿ ಬರುವ ಮೇಷ್ಟ್ರುಗಳು, ಇವರಿಗೆಲ್ಲ ಬಾಡಿಗೆ ಇಳಿಸುವ ಕಾನೂನಿಗಿಂತ ಮೊದಲು ಬೇಕಿರುವುದು ತಾವು ಹಿಡಿಯುವ ಮನೆಯ ಪೂರ್ತಿ ವಿವರ.

ಈಗಿರುವ ಕಾನೂನು ಇವರಲ್ಲಿ ಬಹುಪಾಲು ಜನರನ್ನು ತಲುಪುವುದೇ ಇಲ್ಲ. ಕಾಯ್ದೆಯ ಲೆಕ್ಕದ ಬಾಡಿಗೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದರೆ ಆ ಮನೆ 1999ರ ಕಾಯ್ದೆಯ ಹೊರಗೆ. ಎರಡು ಸಾವಿರಕ್ಕೆ ಇಂದು ಮಂಡ್ಯದಲ್ಲಿ ಸಂಸಾರಕ್ಕೆ ತಕ್ಕ ಮನೆ ಸಿಗುವುದು ದುರ್ಲಭ. ಮಿತಿ ದಾಟಿದವರೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆಯನ್ನೇ ನೆಚ್ಚಬೇಕು. ಬೇರೆ ಕರಾರಿಲ್ಲದಿದ್ದರೆ ಅದರ 106ನೇ ಕಲಮಿನಂತೆ 15 ದಿನಗಳ ನೋಟಿಸ್ ಕೊಟ್ಟು ಮನೆ ಬಿಡಿ ಎನ್ನಬಹುದು. ಅದೇ ಕಾಯ್ದೆಯ 108ನೇ ಕಲಮು ಮಾಲೀಕರ ಮೇಲೂ ಒಂದು ಹೊಣೆ ಹೊರಿಸಿದೆ: ತಮಗೆ ಗೊತ್ತಿರುವ, ಆದರೆ ಬಾಡಿಗೆದಾರರು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ ಮುಖ್ಯ ದೋಷಗಳನ್ನು ಅವರು ತಿಳಿಸಬೇಕು. ತಿಳಿಸುವ ಕರ್ತವ್ಯ ಹೀಗೆ ಬ್ರಿಟಿಷರ ಕಾಲದಿಂದಲೂ ಪುಸ್ತಕದಲ್ಲಿದೆ. ಅದಕ್ಕೊಂದು ನಮೂನೆ ಗೊತ್ತುಮಾಡದ ಕಾರಣ ಅದು ಛಾಪಾ ಕಾಗದಕ್ಕೆ ಇಳಿಯುವುದಿಲ್ಲ. ಹನ್ನೊಂದು ತಿಂಗಳ ಕರಾರುಗಳಲ್ಲಿ ಬಾಡಿಗೆದಾರರು ಮಾಡಬಾರದ ಕೆಲಸಗಳದ್ದೇ ಉದ್ದ ಪಟ್ಟಿ.

ಇದರ ಪೆಟ್ಟು ಅತಿ ಜೋರಾಗಿ ಬೀಳುವುದು ಭೋಗ್ಯದ ಮನೆಗಳಲ್ಲಿ. ತಿಂಗಳ ಬಾಡಿಗೆ ತಪ್ಪುತ್ತದೆಂದು ಕುಟುಂಬವೊಂದು ಇದ್ದಬದ್ದ ಉಳಿತಾಯವನ್ನೆಲ್ಲ ಕೂಡಿಸಿ ಲಕ್ಷಗಟ್ಟಲೆ ಹಣವನ್ನು ಮಾಲೀಕರ ಕೈಗಿಡುತ್ತದೆ. ಆ ಮನೆ ಆಗಲೇ ಬ್ಯಾಂಕಿಗೆ ಅಡವಾಗಿದ್ದು ಕಂತು ನಿಂತುಹೋದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸನ್ನು ಸಾಲಗಾರರಿಗೆ ಕೊಡುತ್ತದೆ. ಮನೆಯಲ್ಲಿ ವಾಸವಿರುವವರಿಗೆ ವಿಷಯ ತಿಳಿಯುವುದು ಬಾಗಿಲಿಗೆ ಚೀಟಿ ಅಂಟಿಸಿದಾಗಲೇ ಆಗಿರಬಹುದು. ನೋಂದಣಿಯಾಗದ ಅಥವಾ ಬಾಯಿಮಾತಿನ ಕರಾರನ್ನು ಹಿಡಿದುಕೊಂಡು ಅಡವಿನ ಮನೆಯಲ್ಲಿ ದೀರ್ಘಕಾಲ ಉಳಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸಾಲವಿದೆ ಎಂಬ ಒಂದು ಮಾತನ್ನು ಮೊದಲೇ ಹೇಳಿದ್ದರೆ ಆ ಕುಟುಂಬ ಭೋಗ್ಯದ ಬದಲು ಬಾಡಿಗೆಗೆ ಬರುತ್ತಿತ್ತು, ಇಲ್ಲವೇ ಬೇರೆ ಮನೆ ನೋಡುತ್ತಿತ್ತು. ಆ ಆಯ್ಕೆಯನ್ನು ಕಸಿದುಕೊಂಡದ್ದೇ ಇಲ್ಲಿನ ಅನ್ಯಾಯ.

ಸಣ್ಣದಾಗಿ ಕಾಣುವ ಮಾಹಿತಿಗೂ ಬೆಲೆಯಿದೆ. ಉಚಿತ ವಿದ್ಯುತ್ ನೀಡುವ 2023ರ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಅದನ್ನು ಪಡೆಯಲು ಮೀಟರಿನ ಆರ್‌ಆರ್ ನಂಬರ್ ಬೇಕು, ಆ ವಿಳಾಸದಲ್ಲಿ ವಾಸವಿರುವುದಕ್ಕೆ ಪುರಾವೆ ಬೇಕು. ಒಂದೇ ಮೀಟರಿನಲ್ಲಿ ನಾಲ್ಕು ಕೋಣೆಗಳಿದ್ದರೆ ಯೂನಿಟ್ಟಿಗೆ ಯಾರು ಎಷ್ಟು ಕೊಡಬೇಕು, ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದೆಲ್ಲ ಮೊದಲೇ ಗೊತ್ತಾದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಇದು ಅಸಾಧ್ಯದ ಬೇಡಿಕೆಯೂ ಅಲ್ಲ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಲಿಖಿತ ಕರಾರು ಕಡ್ಡಾಯ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಮನೆಯೊಳಗೆ ಬರಲು 24 ಗಂಟೆ ಮೊದಲು ತಿಳಿಸಬೇಕು. ಇಂಗ್ಲೆಂಡಿನಲ್ಲಿ 2025ರ ಅಕ್ಟೋಬರ್‌ನಲ್ಲಿ ಅಂಗೀಕಾರವಾದ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಗಿದೆ. ಲಿಖಿತ ಕರಾರಿರುವ ಹಳೆಯ ಬಾಡಿಗೆದಾರರಿಗೂ ಹೊಸ ಹಕ್ಕುಗಳ ಮಾಹಿತಿ ಪತ್ರವನ್ನು 2026ರ ಮೇ 31ರೊಳಗೆ ಮಾಲೀಕರೇ ತಲುಪಿಸಬೇಕೆಂದು ಅಲ್ಲಿ ಗಡುವು ವಿಧಿಸಲಾಯಿತು. ಹಕ್ಕು ಕೊಟ್ಟರಷ್ಟೇ ಸಾಲದು, ಅದು ಇದೆಯೆಂದು ಹೇಳುವ ಹೊಣೆಯನ್ನೂ ಒಬ್ಬರ ಮೇಲೆ ಹೊರಿಸಬೇಕೆಂಬ ವಿವೇಕ ಅದರಲ್ಲಿದೆ.

ಮಾಲೀಕರ ಅಂಜಿಕೆಗಳನ್ನು ತಳ್ಳಿಹಾಕುವಂತಿಲ್ಲ. ಬರೆದುಕೊಟ್ಟರೆ ಮನೆ ಕೈಬಿಟ್ಟೀತು ಎಂಬ ಭಯ ನಮ್ಮ ಸೀಮೆಯಲ್ಲಿ ಆಳವಾಗಿದೆ. 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಉಳುವವರ ಪಾಲಾದ ನೆನಪು ಅದರ ಹಿಂದಿದೆ. ಆದರೆ ಮನೆ ಬಾಡಿಗೆಯ ಯಾವ ಕಾನೂನೂ ಬಾಡಿಗೆದಾರರನ್ನು ಒಡೆಯರನ್ನಾಗಿ ಮಾಡುವುದಿಲ್ಲ. ಬಾಡಿಗೆಗೆ ಬಂದವರು ಮಾಲೀಕರ ಹಕ್ಕನ್ನೇ ಅಲ್ಲಗಳೆಯುವಂತಿಲ್ಲ ಎಂಬುದು ಸಾಕ್ಷ್ಯ ಕಾನೂನಿನ ಹಳೆಯ ನಿಯಮ, ಲಿಖಿತ ಕರಾರು ಅದಕ್ಕೆ ಗಟ್ಟಿ ಆಧಾರ. ಸಾಲ ನಮ್ಮ ಖಾಸಗಿ ವಿಷಯ ಎನ್ನುವವರೂ ಇದ್ದಾರೆ. ನಿಮ್ಮ ಆದಾಯ, ನಿಮ್ಮ ಇತರ ಸಾಲ ಖಾಸಗಿಯೇ ಸರಿ; ಆದರೆ ಯಾವ ಮನೆಯನ್ನು ತೋರಿಸಿ ಲಕ್ಷ ಪಡೆಯುತ್ತೀರೋ ಆ ಮನೆಯ ಮೇಲಿನ ಅಡವು ಹಣ ಕೊಡುವವರಿಗೂ ಸಂಬಂಧಿಸಿದ್ದು. ಪಿಂಚಣಿಯಲ್ಲಿ ಬದುಕುವವರಿಗೆ, ಒಂದೇ ಮನೆ ಬಾಡಿಗೆಗೆ ಕೊಟ್ಟ ವಿಧವೆಯರಿಗೆ ಇದು ಹೊರೆ ಎಂಬ ಮಾತೂ ಬರುತ್ತದೆ. ಸರ್ಕಾರವೇ ಅಚ್ಚುಹಾಕಿಸಿ ಕೊಡುವ ಒಂದು ಹಾಳೆಯನ್ನು ತುಂಬುವುದು ಹೊರೆಯಲ್ಲ.

ಆ ಹಾಳೆ ಕನ್ನಡದಲ್ಲಿರಲಿ. ಮಾಲೀಕರು ಯಾರು, ಮನೆಯ ಮೇಲೆ ಸಾಲವಿದೆಯೇ, ಯಾವ ಬ್ಯಾಂಕಿನದು, ನೀರು-ಕರೆಂಟಿನ ಲೆಕ್ಕ ಹೇಗೆ, ಅಡ್ವಾನ್ಸಿನಲ್ಲಿ ಏನು ಮುರಿಯುತ್ತಾರೆ, ಮನೆ ಬಿಡಿಸಲು ಎಷ್ಟು ದಿನ ಮೊದಲು ಹೇಳುತ್ತಾರೆ, ಇಷ್ಟು ಸಾಕು. ಬಾಡಿಗೆ ಎಷ್ಟೇ ಇರಲಿ, ಊರು ಯಾವುದೇ ಇರಲಿ, ಎಲ್ಲ ವಾಸದ ಮನೆಗಳಿಗೂ ಅದು ಅನ್ವಯಿಸಲಿ. ಹಾಳೆಯಲ್ಲಿ ಬರೆಯದ ಕಡಿತಕ್ಕೆ ಅವಕಾಶ ಬೇಡ. ಅಡವನ್ನು ಮುಚ್ಚಿಟ್ಟು ಭೋಗ್ಯದ ಹಣ ಪಡೆದವರು ಕೇಳಿದ ದಿನವೇ ಬಡ್ಡಿಸಮೇತ ಹಿಂತಿರುಗಿಸಬೇಕು. ದಂಡ ಬೊಕ್ಕಸಕ್ಕೆ ಹೋಗುತ್ತದೆ; ಹಣ ಕಳೆದುಕೊಂಡ ಕುಟುಂಬಕ್ಕೆ ಅದರಿಂದ ಬಿಡಿಗಾಸೂ ಬರುವುದಿಲ್ಲ. ಬಾಡಿಗೆ ಕಾಯ್ದೆಯನ್ನು ಮತ್ತೆ ತಿದ್ದುವಾಗ ಶಾಸಕರು ಮೊದಲು ಬರೆಯಬೇಕಾದ ಕಲಮು ಇದು.