ರಂಜಾನ್ ಅಂದವರನ್ನು ತಿದ್ದುವ ಮೊದಲು

ಉಪವಾಸದ ತಿಂಗಳು ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಿಗೆ ಒಂದು ತಿದ್ದುಪಡಿಯೂ ಬರುತ್ತದೆ. ‘ರಂಜಾನ್’ ಅನ್ನಬೇಡಿ, ಅದು ಅಪಭ್ರಂಶ. ‘ರಮದಾನ್’ ಅನ್ನಿ, ಅದೇ ಶುದ್ಧ ಅರಬ್ಬಿ. ಹೀಗೆ ಹೇಳುವವರು ಆಧಾರವೆಂದು ಮುಂದಿಡುವುದು ತಜ್ವೀದನ್ನು, ಅಂದರೆ ಕುರ್‌ಆನ್ ಪಠಣದ ಉಚ್ಚಾರ ಶಾಸ್ತ್ರವನ್ನು. ಎಪ್ಪತ್ತು ವರ್ಷ ರಂಜಾನ್ ಅಂದ ಅಜ್ಜಿ, ಆನ್‌ಲೈನ್ ಕ್ಲಾಸಿನಲ್ಲಿ ಎರಡು ತಿಂಗಳು ಕಲಿತ ಮೊಮ್ಮಗನೆದುರು ಬಾಯಿ ತೆರೆಯಲು ಹಿಂಜರಿಯುತ್ತಾಳೆ. ಆದರೆ ತಜ್ವೀದನ್ನೇ ಬಿಚ್ಚಿ ನೋಡಿದರೆ ಅದು ಅಜ್ಜಿಯ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಇಡೀ ಜಗಳ ಒಂದು ಅಕ್ಷರದ್ದು. ಅರಬ್ಬರು ಅದನ್ನು ದಾದ್ ಎನ್ನುತ್ತಾರೆ, ಉರ್ದುವಿನವರು ಜ್ವಾದ್. ತಜ್ವೀದ್ ಪ್ರತಿ ಅಕ್ಷರಕ್ಕೂ ಎರಡು ಪ್ರಶ್ನೆ ಕೇಳುತ್ತದೆ: ಬಾಯಿಯ ಯಾವ ಜಾಗದಲ್ಲಿ ಹುಟ್ಟುತ್ತದೆ, ಅದರ ಗುಣವೇನು? ಕಂಠದಿಂದ ಓಷ್ಠದವರೆಗೆ ನಡೆಯುವ ನಮ್ಮ ವರ್ಣಮಾಲೆ ಬಲ್ಲವರಿಗೆ ಈ ಕ್ರಮ ಹೊಸದೇನಲ್ಲ. ಈ ವಿವರಣೆಗಳಿಗೆ ತಳಪಾಯ ಹಾಕಿದವರಲ್ಲಿ ದೊಡ್ಡ ಹೆಸರು 8ನೇ ಶತಮಾನದ ಸೀಬವೈಹಿಯದು. (ಅರಬ್ಬಿಗೆ ವ್ಯಾಕರಣ ಬರೆದ ಈತ ಪರ್ಷಿಯಾ ಮೂಲದವನು. ಶುದ್ಧಿಯ ಉತ್ಸಾಹಿಗಳು ಇದನ್ನು ಯಾಕೋ ಹೇಳುವುದಿಲ್ಲ.) ಅವನ ಪ್ರಕಾರ ದಾದ್ ಹುಟ್ಟುವುದು ನಾಲಿಗೆಯ ಪಕ್ಕದ ಅಂಚು ಮತ್ತು ದವಡೆ ಹಲ್ಲುಗಳ ನಡುವೆ. ಎಡದಿಂದಲೂ ಹೊರಡಿಸಬಹುದು, ಬಲದಿಂದಲೂ. ನಾಲಿಗೆಯ ತುದಿಗೆ ಇಲ್ಲಿ ಕೆಲಸವೇ ಇಲ್ಲ. ‘ರಮದಾನ್’ ಅನ್ನುವಾಗ ತುದಿ ಎಲ್ಲಿಗೆ ತಾಗುತ್ತದೆ ಎಂದು ಯಾರಾದರೂ ಒಮ್ಮೆ ಗಮನಿಸಲಿ. ನೇರವಾಗಿ ಮುಂದಿನ ಹಲ್ಲಿಗೆ.

ತಜ್ವೀದ್ ಕಲಿಯುವವರೆಲ್ಲ ಇಬ್ನ್ ಅಲ್ ಜಝರಿಯ ಹೆಸರು ಬಲ್ಲರು. ದಮಾಸ್ಕಸ್‌ನಲ್ಲಿ ಹುಟ್ಟಿ 1429ರಲ್ಲಿ ತೀರಿಕೊಂಡ ಈ ವಿದ್ವಾಂಸ, ನಾಲಿಗೆಗೆ ಇಷ್ಟು ಕಷ್ಟದ ಅಕ್ಷರ ಮತ್ತೊಂದಿಲ್ಲ, ಇದನ್ನು ಸರಿಯಾಗಿ ಹೇಳುವವರು ಕಡಿಮೆ ಎಂದು ಬರೆದಿದ್ದಾನೆ. ಆಮೇಲೆ ತಪ್ಪುಗಳನ್ನು ಲೆಕ್ಕ ಹಾಕುತ್ತಾನೆ. ಕೆಲವರು ಅದಕ್ಕೆ ‘ಝ’ಕಾರದ ಛಾಯೆ ಕೊಡುತ್ತಾರೆ. ಕೆಲವರು ದಪ್ಪ ‘ಲ’ಕಾರ ಮಾಡುತ್ತಾರೆ. ಇನ್ನು ಈಜಿಪ್ಟಿನ ಬಹುಪಾಲು ಜನ ಅದರ ಜಾಗಕ್ಕೇ ಹೋಗದೆ, ಹಲ್ಲಿನ ಬುಡದಲ್ಲಿ ಹುಟ್ಟುವ ‘ತ್ವಾ’ ಅಕ್ಷರದ ಜೊತೆ ಬೆರೆಸಿಬಿಡುತ್ತಾರೆ. ಇಂದು ಜಗತ್ತು ಶುದ್ಧವೆಂದು ಕೇಳುವ ‘ದ’ಕಾರ ಬಹುಮಟ್ಟಿಗೆ ಈ ಕೊನೆಯದರ ಸಂತಾನ. 1961ರಲ್ಲಿ ಮಹಮೂದ್ ಖಲೀಲ್ ಅಲ್ ಹುಸರಿ ಇಡೀ ಕುರ್‌ಆನನ್ನು ಧ್ವನಿಮುದ್ರಿಸಿದರು. ಕೈರೋದ ಪಠಣ ಮನೆಮನೆಗೆ ತಲುಪಿತು, ಜೊತೆಗೆ ಕೈರೋದ ದಾದ್ ಕೂಡ.

ಹಳೆಯ ದಾದ್ ಪೂರ್ತಿ ಅಳಿದಿಲ್ಲ. ಅರಬ್ಬಿಯ ‘ಅಲ್ ಕಾದಿ’ ಸ್ಪ್ಯಾನಿಷ್‌ಗೆ ಹೋಗಿ ‘ಅಲ್ಕಾಲ್ದೆ’ ಆಯಿತು. ನಡುವೆ ಬಂದ ಆ ‘ಲ್’ ನಾಲಿಗೆಯ ಪಕ್ಕದಿಂದ ಹೋದ ಗಾಳಿಯ ಗುರುತು. ಅಷ್ಟು ದೂರವೂ ಹೋಗಬೇಕಿಲ್ಲ. ಚೆನ್ನೈನಲ್ಲಿರುವವರು ತಮಿಳು ಪೋಸ್ಟರುಗಳಲ್ಲಿ ‘ರಮಲಾನ್’ ಎಂದು ಓದಿರುತ್ತಾರೆ. ಕೇರಳದಲ್ಲೂ ಮಂಗಳೂರಿನ ಆಸುಪಾಸಿನಲ್ಲೂ ಅನೇಕರಿಗೆ ಅದು ‘ರಮಳಾನ್’. ಕರಾವಳಿಯ ಈ ‘ಳ’ವನ್ನು ಕೇಳಿ ನಗುವವರಿದ್ದಾರೆ. ‘ಳ’ ಮತ್ತು ಸೀಬವೈಹಿಯ ದಾದ್ ಒಂದೇ ಧ್ವನಿಯಲ್ಲ, ನಿಜ. ಆದರೆ ಗಾಳಿ ನಾಲಿಗೆಯ ಪಕ್ಕದಿಂದ ಹೋಗಬೇಕೆಂಬ ಮಾತಿಗೆ ‘ರಮದಾನ್’ಗಿಂತ ‘ರಮಳಾನ್’ ಹೆಚ್ಚು ನಿಷ್ಠವಾಗಿದೆ.

ಪಠಣಕ್ಕೆ ಪ್ರಮಾಣ ಗ್ರಂಥವಲ್ಲ, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿದುಬಂದದ್ದು ಎಂದು ಕೆಲವರು ಉತ್ತರಿಸಬಹುದು. ಗಟ್ಟಿ ವಾದವೇ. ಹಾಗಿದ್ದರೆ ಕೈರೋದ ಗುರುವಿಗೆ ಸಿಗುವ ಮರ್ಯಾದೆ ಹೈದರಾಬಾದಿನ, ಪೊನ್ನಾನಿಯ ಗುರುವಿಗೂ ಸಿಗಬೇಕಲ್ಲ?

ಪುಣೆಯ ಕನ್ನಡಿಗರಿಗೆ ಇದೆಲ್ಲ ಹೊಸದಲ್ಲ. ಅವರು ‘ಜ್ಞಾನ’ ಎಂದರೆ ಪಕ್ಕದ ಮನೆಯವರು ‘ದ್ನ್ಯಾನ’ ಅನ್ನುತ್ತಾರೆ, ದೆಹಲಿಯ ನಂಟರು ‘ಗ್ಯಾನ’. ಅಲ್ಲೂ ತಿದ್ದುವವರಿದ್ದಾರೆ. ‘ಋ’ಕಾರದ ಮೂಲ ಧ್ವನಿಯನ್ನು ಕಳೆದುಕೊಂಡ ‘ಕ್ರಿಷ್ಣ’ದವರು ‘ಕ್ರುಷ್ಣ’ದವರಿಗೆ ಪಾಠ ಹೇಳುವುದೂ ಇದೇ ಜಾತಿಯದು.

ಇದರರ್ಥ ಪಠಣದಲ್ಲಿ ಹೇಗೆ ಓದಿದರೂ ನಡೆಯುತ್ತದೆ ಎಂದಲ್ಲ. ‘ಕಲ್ಬ್’ ಎಂದು ಕನ್ನಡದಲ್ಲಿ ಬರೆದರೆ ಹೃದಯವೋ ನಾಯಿಯೋ ತಿಳಿಯದು. ಗಂಟಲ ಹತ್ತಿರದ ‘ಕ’ ಬೇರೆ, ಅದಕ್ಕಿಂತ ಮುಂದಿನ ‘ಕ’ ಬೇರೆ. ಓದುವಾಗ ಈ ವ್ಯತ್ಯಾಸ ಕಲಿಯಲೇಬೇಕು, ಅದೂ ಗುರುವಿನ ಎದುರು ಕೂತು. ಅರಬ್ಬರ ಮಕ್ಕಳೂ ಕಲಿಯುತ್ತಾರೆ, ಏಕೆಂದರೆ ತಜ್ವೀದ್ ಯಾರ ತಾಯ್ನುಡಿಯೂ ಅಲ್ಲ. ತಡವರಿಸುತ್ತ ಕಷ್ಟಪಟ್ಟು ಓದುವವನಿಗೆ ಎರಡು ಪಟ್ಟು ಪುಣ್ಯ ಎಂಬ ಹದೀಸ್ ಕೂಡ ಇದೆ. ತಿದ್ದುಪಡಿಯ ಸಂದೇಶಗಳಲ್ಲಿ ಅದು ಕಾಣಿಸುವುದು ಅಪರೂಪ.

ಆದರೆ ಅಜ್ಜಿ ರಂಜಾನ್ ಅನ್ನುವಾಗ ಕುರ್‌ಆನ್ ಓದುತ್ತಿಲ್ಲ, ಕನ್ನಡ ಮಾತಾಡುತ್ತಿದ್ದಾಳೆ. ಪರ್ಷಿಯನ್ನಿನ ದಾರಿಯಲ್ಲಿ ಬಂದ ಇದೇ ದಾದ್ ನಮ್ಮ ಅರ್ಜಿಯಲ್ಲಿದೆ, ಹಾಜರಿಯಲ್ಲಿದೆ, ಜಾಮೀನಿನಲ್ಲಿ, ಜಪ್ತಿಯಲ್ಲಿ, ರಾಜಿಯಲ್ಲಿ, ಜಿಲ್ಲೆಯಲ್ಲಿ ಇದೆ. ಎಲ್ಲ ಕಡೆ ಅದು ‘ಜ’ಕಾರವೇ. ರಂಜಾನನ್ನು ತಿದ್ದುವವರು ಇವನ್ನೂ ತಿದ್ದಲಿ: ದಿಲ್ಲಾಧಿಕಾರಿಯ ಕಚೇರಿಗೆ ಖುದ್ದಾಗಿ ಹಾದಿರಾಗಿ ಒಂದು ಅರ್ದಿ ಕೊಟ್ಟು ನೋಡಲಿ.