ಮಂಜು ಮುಚ್ಚಿದ ಕನ್ನಡಿ, ಬಟ್ಟೆ ಹಿಡಿದ ಡ್ರೈವರ್!

ಮಡಿಕೇರಿ: ಮಳೆಗಾಲದ ಬೆಳಿಗ್ಗೆ ಪೇಟೆಯಲ್ಲಿ ಯಾವುದಾದರೂ ಬಾಡಿಗೆ ಜೀಪಿನ ಡ್ರೈವರನನ್ನು ಗಮನಿಸಿ ನೋಡಿ. ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದು ಕೈಯಲ್ಲಿ ಗೇರು, ತೊಡೆಯ ಮೇಲೊಂದು ಹಳೇ ಬನಿಯನ್ನಿನ ತುಂಡು. ತಿರುವಿಗೊಮ್ಮೆ ಕೈ ಹೊರಗೆ ಹಾಕಿ ಬಲಗಡೆ ಕನ್ನಡಿ ಒರೆಸುತ್ತಾನೆ. ಒರೆಸಿ ಎರಡು ನಿಮಿಷ ಆಗುವಷ್ಟರಲ್ಲಿ ಕನ್ನಡಿ ಮತ್ತೆ ಬಿಳಿ. ಎಡಗಡೆ ಕನ್ನಡಿಗೆ ಅವನ ಕೈ ಎಟುಕುವುದಿಲ್ಲ. ಪಕ್ಕದ ಸೀಟಿನವರು ಪುಣ್ಯವಂತರಾದರೆ ಒರೆಸಿಕೊಟ್ಟಾರು; ಇಲ್ಲದಿದ್ದರೆ ಎಡಗಡೆ ದೇವರಿಗೆ ಬಿಟ್ಟದ್ದು!

ಆ ದೇವರಿಗೆ ಬಿಟ್ಟ ಎಡಗಡೆಯಲ್ಲೇ ಊರ ಮಕ್ಕಳು ಕೊಡೆ ಹಿಡಿದು ಶಾಲೆಗೆ ನಡೆಯುವುದು. ಅಂಗಡಿಯವರು ಮೂಟೆ ಇಳಿಸುವುದೂ ಅಲ್ಲೇ, ಜನ ಬಸ್ಸಿಗೆ ಕಾಯುವುದೂ ಅಲ್ಲೇ.

ಬಸ್ಸಿಗಾದರೆ ಕಂಡಕ್ಟರ್ ಇದ್ದಾನೆ. ರಿವರ್ಸ್ ಹೋಗಬೇಕಾದರೆ ಕೆಳಗಿಳಿದು ಸೀಟಿ ಊದುತ್ತಾನೆ, "ಬರ್ಲಿ, ಬರ್ಲಿ, ಸಾಕು" ಅಂತ ಕೂಗುತ್ತಾನೆ. ಜೀಪಿಗೆ ಕಂಡಕ್ಟರೂ ಇಲ್ಲ, ಕ್ಲೀನರೂ ಇಲ್ಲ. ಅದಕ್ಕೆ ಕಂಡಕ್ಟರೆಂದರೆ ಆ ಎರಡು ಕನ್ನಡಿಗಳೇ. ಅವೂ ಕುರುಡಾದ ಮೇಲೆ ಡ್ರೈವರ್ ಹಿಂದಕ್ಕೆ ಬರುವುದು ಬರೀ ಅಂದಾಜಿನ ಮೇಲೆ.

ಮಾಂದಲಪಟ್ಟಿ ದಾರಿಯಲ್ಲಿ ಈ ಅಂದಾಜಿನ ಬೆಲೆ ಇನ್ನೂ ಜಾಸ್ತಿ. ಕಲ್ಲು, ಕೆಸರು, ಒಂದು ಜೀಪಿಗೆ ಸಾಕಾಗುವಷ್ಟೇ ಅಗಲ. ಎದುರಿಗೆ ಇನ್ನೊಂದು ಜೀಪು ಬಂದರೆ ಇಬ್ಬರಲ್ಲೊಬ್ಬರು ಹಿಂದೆ ಸರಿಯಲೇಬೇಕು. ಟಾರ್ಪಾಲಿನ ಹಿಂದಿನ ಪ್ಲಾಸ್ಟಿಕ್ ಕಿಟಕಿ ಮೊದಲೇ ಮಬ್ಬು. ಒಳಗಿನ ಕನ್ನಡಿಯಲ್ಲಿ ಕಾಣುವುದು ಪ್ರವಾಸಿಗಳ ತಲೆ ಮಾತ್ರ. ಉಳಿದದ್ದು ಪಕ್ಕದ ಕನ್ನಡಿ. ಅದರಲ್ಲಿ ಕಾಣುವುದು ಮಂಜು!

ಬಿಸಿ ಕನ್ನಡಿ ಎಂದರೇನು?

ಇದಕ್ಕೆ ಮದ್ದು ಇಲ್ಲದಿಲ್ಲ. ಕನ್ನಡಿಯ ಬೆನ್ನಿಗೆ ಅಂಟಿಸುವ ತೆಳ್ಳಗಿನ ಹೀಟರ್ ಹಾಳೆ ಸಿಗುತ್ತದೆ. ಅದರಿಂದ ಎರಡು ವೈರು ಹೊರಡುತ್ತವೆ. 12 ವೋಲ್ಟಿನ ಬ್ಯಾಟರಿ ಕರೆಂಟು ಕೊಟ್ಟರೆ ಗಾಜು ಬೆಚ್ಚಗಾಗಿ ಕೆಲವು ನಿಮಿಷಗಳಲ್ಲಿ ಮಂಜು ಆರಿಹೋಗುತ್ತದೆ. ಈಗಿನ ಕೆಲವು ದುಬಾರಿ ಕಾರುಗಳಿಗೆ ಕಂಪನಿಯಿಂದಲೇ ಇದು ಬರುತ್ತದೆ. ಹಿಂದಿನ ಗಾಜು ಬಿಸಿ ಮಾಡುವ ಗುಂಡಿ ಒತ್ತಿದರೆ ಕನ್ನಡಿಯೂ ಬಿಸಿಯಾಗುತ್ತದೆ. ಬೆಟ್ಟ ಹತ್ತುವ ಹಳೇ ಜೀಪಿಗೆ ಆ ಯೋಗವಿಲ್ಲ.

"ಅದೆಲ್ಲ ಹಿಮ ಬೀಳೋ ದೇಶದವರ ಶೋಕಿ, ನಮಗ್ಯಾಕೆ?" ಎನ್ನುವವರುಂಟು. ಅಲ್ಲಿ ಅದು ಹಿಮ ಕರಗಿಸಲು ಹೌದು. ಇಲ್ಲಿ ಹಿಮ ಬೀಳುವುದಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಚಳಿಯಲ್ಲಿ ನಡೆದು ಬಂದು ಹೋಟೆಲಿನೊಳಗೆ ಕಾಲಿಟ್ಟ ಕೂಡಲೇ ಕನ್ನಡಕ ಮಸುಕಾಗುವುದಿಲ್ಲವೇ? ತಣ್ಣಗಿನ ಗಾಜಿಗೆ ತೇವದ ಗಾಳಿ ತಾಗಿದರೆ ನೀರು ಕೂರುತ್ತದೆ. ಗಾಜನ್ನು ಸುತ್ತಲಿನ ಗಾಳಿಗಿಂತ ಒಂದಿಷ್ಟು ಬೆಚ್ಚಗಿಟ್ಟರೆ ಕೂರುವುದಿಲ್ಲ. ಇಷ್ಟೇ ಗುಟ್ಟು. ಬಟ್ಟೆಯಿಂದ ಒರೆಸಿದರೆ ನೀರು ಹೋಗುತ್ತದೆ, ಗಾಜಿನ ತಣುಪು ಹೋಗುವುದಿಲ್ಲ. ಅದಕ್ಕೇ ಎರಡು ನಿಮಿಷದಲ್ಲಿ ಮತ್ತೆ ಬಿಳಿ.

ಇನ್ನು ಬ್ಯಾಟರಿಯ ಚಿಂತೆ. ಒಂದು ಹಾಳೆ ಎಳೆಯುವುದು ಸುಮಾರು 10ರಿಂದ 20 ವ್ಯಾಟು. ಎರಡೂ ಸೇರಿದರೂ ಒಂದು ಹೆಡ್‌ಲೈಟ್ ಬಲ್ಬಿಗಿಂತ ಕಡಿಮೆ. ಎಂಜಿನ್ ಓಡುತ್ತಿರುವಾಗ ಡೈನಮೋಗೆ ಇದು ಹೊರೆಯೇ ಅಲ್ಲ. ಖರ್ಚೋ? ಜೀಪಿನ ಒಂದು ಹೊಸ ಟೈರಿನ ಬೆಲೆಯೊಳಗೆ ಕೂಲಿ ಸಮೇತ ಮುಗಿಯುವ ಕೆಲಸ.

ಆದರೆ ಅಡ್ಡಾದಿಡ್ಡಿ ಬೇಡ

ಕಡಿಮೆ ಖರ್ಚು ಎಂದು ಹೆಡ್‌ಲೈಟ್ ವೈರಿಗೇ ಗಂಟು ಹಾಕುವ ಕೈಚಳಕ ಮಾತ್ರ ಬೇಡ. ಫ್ಯೂಸು ಬೇರೆ ಇರಬೇಕು. ಕರೆಂಟು ಇಗ್ನಿಷನ್ ಕೀಲಿಯ ನಂತರ, ರಿಲೇ ಮೂಲಕ ಬರಬೇಕು. ಕೀಲಿ ತೆಗೆದಾಗ ಹೀಟರೂ ಆರಬೇಕು. ಇಲ್ಲದಿದ್ದರೆ ರಾತ್ರಿಯಿಡೀ ಕನ್ನಡಿ ಬೆಚ್ಚಗಿರುತ್ತದೆ, ಬೆಳಿಗ್ಗೆ ಬ್ಯಾಟರಿ ತಣ್ಣಗಾಗಿರುತ್ತದೆ! ಆಮೇಲೆ ಬಾಡಿಗೆಗೆ ಬಂದವರೇ ಇಳಿದು ಜೀಪು ತಳ್ಳಬೇಕು.

ಜೀಪಿನ ಬಾಗಿಲು ದಿನಕ್ಕೆ ನೂರು ಸಲ ತೆಗೆದು ಹಾಕುವಂಥದ್ದು. ವೈರು ಹಾದುಹೋಗುವ ಕೀಲಿನ ಹತ್ತಿರ ರಬ್ಬರ್ ತೋಳು ಹಾಕದಿದ್ದರೆ ತಿಂಗಳೊಪ್ಪತ್ತಿನಲ್ಲಿ ತಗಡಿಗೆ ಉಜ್ಜಿ ಸಿಪ್ಪೆ ಬಿಡುತ್ತದೆ, ಶಾರ್ಟ್ ಆಗುತ್ತದೆ. ಗಾಜು ಬಿಚ್ಚುವಾಗಲೂ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಒಡೆಯುವುದು ಖಂಡಿತ. ಬಿಸಿನೀರಿನ ಬಟ್ಟೆ ಇಟ್ಟು ಮೆತ್ತಗೆ ಮಾಡಿ ಬಿಡಿಸಬೇಕು. ಹಾಳೆ ಗಾಜಿಗಿಂತ ಸ್ವಲ್ಪ ಚಿಕ್ಕದಿರಬೇಕು. ದೊಡ್ಡದಾಯಿತೆಂದು ಕತ್ತರಿ ಹಾಕಿದರೆ ಒಳಗಿನ ಕರೆಂಟಿನ ದಾರಿಯೇ ತುಂಡಾದೀತು. ಅಂಟಿಸುವಾಗ ಗಾಳಿಗುಳ್ಳೆ ಉಳಿಯಬಾರದು. ಊರಿನ ಒಳ್ಳೇ ಎಲೆಕ್ಟ್ರಿಷಿಯನ್‌ಗೆ ಇದು ಅರ್ಧ ದಿನದ ಕೆಲಸ.

ಬಟ್ಟೆ ಇಲ್ವಾ, ಒರೆಸ್ಕೋ!

ಹಾಗಾದರೆ ತೊಡಕೆಲ್ಲಿದೆ? ತೊಡಕಿರುವುದು ವೈರಿನಲ್ಲಲ್ಲ, ಜೇಬಿನಲ್ಲಿ.

ಓಡಿಸುವವನೇ ಮಾಲೀಕನಾಗಿರುವ ಜೀಪು ಕೆಲವು. ಉಳಿದ ಕಡೆ ಜೀಪು ಸಾಹುಕಾರರದು, ಡ್ರೈವರ್ ದಿನಗೂಲಿಯವನು. ಅಂಥ ಒಬ್ಬ ಡ್ರೈವರ್ ಕಳೆದ ಮಳೆಗಾಲದಲ್ಲಿ ಧೈರ್ಯ ಮಾಡಿ ಕೇಳಿದನಂತೆ: "ಸಾಹುಕಾರ್ರೇ, ಕನ್ನಡಿಗೊಂದು ಹೀಟರ್ ಹಾಕಿಸ್ಕೊಡಿ. ಮಂಜಲ್ಲಿ ಹಿಂದ್ಗಡೆ ಏನೂ ಕಾಣಲ್ಲ."

ಸಾಹುಕಾರರು ನಕ್ಕರಂತೆ. "ಕನ್ನಡಿಗೆ ಹೀಟರಾ? ನಾಳೆ ಟೈರಿಗೆ ಕಂಬಳಿ ಕೇಳ್ತೀಯ! ಬಟ್ಟೆ ಇಲ್ವಾ, ಒರೆಸ್ಕೋ ಹೋಗೋ."

ಅದೇ ಜೀಪಿನ ನೆತ್ತಿಯ ಮೇಲೆ ಕಣ್ಣು ಕುಕ್ಕುವ ಎಲ್.ಇ.ಡಿ. ಪಟ್ಟಿ ಇದೆ. ಮುಂದೆ ಮಿರಮಿರ ಮಿಂಚುವ ಬಂಪರು, ಸೀಟಿನ ಕೆಳಗೆ ಗುಡುಗುವ ಹಾಡಿನ ಪೆಟ್ಟಿಗೆ. ದಟ್ಟ ಮಂಜಿನಲ್ಲಿ ಆ ಬಿಳಿ ಬೆಳಕು ತಿರುಗಿ ಡ್ರೈವರನ ಕಣ್ಣಿಗೇ ಹೊಡೆಯುತ್ತದೆ ಎಂಬುದು ಬೇರೆ ಮಾತು. ಪ್ರವಾಸಿಗಳಿಗೆ ಕಾಣುವ ಜಾಗಕ್ಕೆಲ್ಲ ದುಡ್ಡು ಸುರಿದವರಿಗೆ ಡ್ರೈವರ್ ನೋಡಬೇಕಾದ ಜಾಗಕ್ಕೆ ದುಡ್ಡಿಲ್ಲ. ನಾಳೆ ಏನಾದರೂ ಆದರೆ ಲೈಸೆನ್ಸು ಹೋಗುವುದು, ಕೇಸಿಗೆ ಅಲೆಯುವುದು ಮೊದಲು ಅದೇ ದಿನಗೂಲಿಯವನು.

"ನಮ್ಮಪ್ಪ ಬರೀ ಅಂದಾಜಿನಲ್ಲೇ ಈ ಬೆಟ್ಟದಲ್ಲಿ ಜೀಪು ಓಡಿಸಿದೋರು" ಎಂದು ಎದೆ ತಟ್ಟುವವರೂ ಇದ್ದಾರೆ. ಇರಬಹುದು. ಮಹೀಂದ್ರದವರು ಈ ದೇಶದಲ್ಲಿ ಜೀಪು ಜೋಡಿಸತೊಡಗಿದ್ದು 1940ರ ದಶಕದ ಕೊನೆಗೆ. ಅಂದಿನ ರಸ್ತೆಯಲ್ಲಿ ಹಿಂದೆ ಯಾರಿದ್ದರು? ಇಂದು ಜೀಪಿನ ಬಾಲಕ್ಕೆ ಅಂಟಿಕೊಂಡೇ ಸ್ಕೂಟರು, ಬೈಕು, ಆಟೋ. ಅಪ್ಪನ ಕಾಲದ ಅಂದಾಜು ಮಗನ ಕಾಲದ ರಸ್ತೆಗೆ ಸಾಲದು.

ಕಾನೂನು ಏನು ನೋಡುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮದಂತೆ ಬಾಡಿಗೆ ವಾಹನಕ್ಕೆ ಎಫ್.ಸಿ. ಬೇಕು. ಆ ದಿನ ಕನ್ನಡಿ ಇದೆಯೇ ಎಂದು ನೋಡುತ್ತಾರೆ. ಮಂಜಿನಲ್ಲಿ ಅದು ಕಾಣುತ್ತದೆಯೇ ಎಂದು ಬಿಸಿಲಿನ ದಿನ ನೋಡುವುದಾದರೂ ಹೇಗೆ? ಅದನ್ನು ಮಾಲೀಕರೇ ನೋಡಿಕೊಳ್ಳಬೇಕು.

ಒಂದು ಎಚ್ಚರ

ಹೀಟರ್ ಹಾಕಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದಲ್ಲ. ಅದು ಕನ್ನಡಿಯ ಮೇಲಿನ ಮಂಜು, ಸಣ್ಣ ಹನಿ ತೆಗೆದೀತೇ ಹೊರತು ರಸ್ತೆಯ ಮಂಜು ತೆಗೆಯಲಾರದು. ಸುರಿಯುವ ಮಳೆಯಲ್ಲಿ ಹನಿ ಬೀಳುತ್ತಲೇ ಇರುತ್ತದೆ. ಕೆಸರು ಎರಚಿದರೆ ಅದು ಇನ್ನಷ್ಟು ಬೇಗ ಒಣಗಿ ಕಚ್ಚಿಕೊಂಡೀತು. ಅದಕ್ಕೆ ನೀರು, ಬಟ್ಟೆಯೇ ಗತಿ. ಹಿಂದಿನ ಕ್ಯಾಮೆರಾ ಹಾಕಿಸಿದವರ ಪಾಡೂ ಅಷ್ಟೇ, ಕೆಸರು ಬಿದ್ದರೆ ಅದೂ ಕುರುಡು. ನಿಧಾನಕ್ಕೆ ಸಾಟಿ ಯಾವುದೂ ಇಲ್ಲ.

ಆದರೂ ನಾಲ್ಕು ತಿಂಗಳು ಮಂಜಿನಲ್ಲೇ ಬದುಕುವ ಊರಿಗೆ ಇದು ಶೋಕಿಯಲ್ಲ, ವೈಪರಿನಷ್ಟೇ ಅಗತ್ಯ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ರಸ್ತೆ ಹೋದದ್ದನ್ನು ಕಂಡ ಜನರಿಗೆ ಜೀಪಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಜೀಪು ಬೇಕು. ಅದನ್ನು ಓಡಿಸುವವನಿಗೆ ಕಣ್ಣೂ ಬೇಕು.

ಜೀಪು ಮಾಲೀಕರು ಮುಂದಿನ ಮಳೆ ಹಿಡಿಯುವ ಮೊದಲು, ಟಾರ್ಪಾಲು ಹೊಲಿಸುವಾಗಲೇ ಈ ಕೆಲಸವನ್ನೂ ಮುಗಿಸಲಿ. ಖರ್ಚನ್ನು ಡ್ರೈವರನ ಕೂಲಿಯಲ್ಲಿ ಮುರಿದುಕೊಳ್ಳದಿರಲಿ. ಬಾಡಿಗೆಗೆ ಹತ್ತುವವರೂ ಹಾಡು ಯಾವುದು ಎಂದು ಕೇಳುವ ಮೊದಲು ಕನ್ನಡಿ ಕಾಣುತ್ತದೆಯೇ ಎಂದು ಕೇಳಲಿ.

ಜೀಪು ಸಾಹುಕಾರರದು, ಒರೆಸುವ ಬಟ್ಟೆ ಡ್ರೈವರನದು. ಕಾಣದ ಕನ್ನಡಿಯ ಹಿಂದೆ ಕೊಡೆ ಹಿಡಿದು ನಿಂತ ಮಗು ಯಾರದು?